ಗಡಿಯಂಚಿನ ಬಿಸಿಲಿಗೆ ಬಂದಿಳಿಯುವ ಮನೆಗಳು

ನವೆಂಬರ್ ಬಂತೆಂದರೆ ಅಮೆರಿಕದ ಅರಿಜೋನಾ ರಾಜ್ಯದ ಯೂಮಾ ಪಟ್ಟಣಕ್ಕೆ ಎರಡು ದಂಡುಗಳು ಬರುತ್ತವೆ. ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ಲೆಟ್ಯೂಸ್ ಕೊಯ್ಲು ಮುಗಿಯುತ್ತದೆ. ಸೊಪ್ಪು ತೊಳೆದು ಚೀಲ ತುಂಬುವ ಯಂತ್ರಗಳನ್ನು ಬಿಚ್ಚಿ, ಲಾರಿಗೆ ಹೇರಿ ಇಲ್ಲಿಗೆ ತರುತ್ತಾರೆ. ಇಡೀ ಕಾರ್ಖಾನೆಯೇ ಊರು ಬದಲಿಸುತ್ತದೆ. ಅದೇ ವಾರಗಳಲ್ಲಿ ಮಿನ್ನೆಸೋಟಾ, ಮೊಂಟಾನಾ, ವಾಷಿಂಗ್ಟನ್ ರಾಜ್ಯಗಳ ಕಡೆಯಿಂದಲೂ ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳಿಂದಲೂ ಚಕ್ರದ ಮೇಲಿನ ಮನೆಗಳಾದ ಮೋಟರ್‌ಹೋಮ್‌ಗಳು ಸಾಲುಗಟ್ಟಿ ಇಳಿಯುತ್ತವೆ. ಒಳಗೆ ಕೂತವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರಲ್ಲಿ ಹಲವರು ಬಿಟ್ಟು ಬಂದ ಊರುಗಳಲ್ಲಿ ಜನವರಿಯ ರಾತ್ರಿ ಮೈನಸ್ 20 ಡಿಗ್ರಿ ಎನ್ನುವುದು ಸುದ್ದಿಯೇ ಅಲ್ಲ. ಯೂಮಾದಲ್ಲಿ ಅದೇ ತಿಂಗಳ ಮಧ್ಯಾಹ್ನ 20 ಡಿಗ್ರಿಯ ಆಸುಪಾಸಿನ ಹಿತವಾದ ಬಿಸಿಲು.

ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿ ಭೂಮಿಯ ಮೇಲೆ ಅತಿ ಹೆಚ್ಚು ಬಿಸಿಲು ಬೀಳುವ ಊರು ಯೂಮಾ. ವರ್ಷಕ್ಕೆ ಸುಮಾರು 4,000 ಗಂಟೆ ಸೂರ್ಯ ಕಾಣಿಸುತ್ತಾನೆ. ಮಳೆ ವರ್ಷವಿಡೀ ಸೇರಿ ಮೂರು ಅಂಗುಲದಷ್ಟು. 2020ರ ಜನಗಣತಿಯ ಪ್ರಕಾರ 95 ಸಾವಿರದಷ್ಟು ಜನರಿರುವ ಈ ಊರು ಚಳಿಗಾಲದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೊಲರಾಡೊ ನದಿಯ ದಡ, ಆಚೆ ದಡಕ್ಕೆ ಕ್ಯಾಲಿಫೋರ್ನಿಯಾ, ಕೆಲವೇ ಮೈಲಿ ನಡೆದರೆ ಮೆಕ್ಸಿಕೊ. ಈ ಲೇಖನಕ್ಕೆ ಬಿಸಿಲಿಗಿಂತ ಈ ಗಡಿಯೇ ಮುಖ್ಯ. ಬಿಸಿಲು ಫ್ಲೋರಿಡಾದಲ್ಲೂ ಇದೆ. ಸಣ್ಣ ಪಿಂಚಣಿಯಲ್ಲಿ ಮುಪ್ಪು ಕಳೆಯಲು ಬೇಕಾದ ಉಳಿದೆಲ್ಲವೂ ಒಂದೇ ಕಡೆ ಒದಗುವುದು ಈ ಗಡಿಯಂಚಿನಲ್ಲಿ.

ಮೊದಲು ಇಳಿಯುವ ಜಾಗದ ಮಾತು. ದುಡ್ಡಿದ್ದವರಿಗೆ ಯೂಮಾದಲ್ಲಿ ಮೋಟರ್‌ಹೋಮ್ ನಿಲ್ಲಿಸುವ ಆರ್‌ವಿ ಪಾರ್ಕ್‌ಗಳಿವೆ. ನೀರು, ವಿದ್ಯುತ್ತು, ಚರಂಡಿಯ ಸಂಪರ್ಕ, ಈಜುಕೊಳ, ನೃತ್ಯದ ಹಾಲು, ಮರಗೆಲಸದ ಶೆಡ್ಡು, ಕೌದಿ ಹೊಲಿಯುವ ಕೋಣೆ, ಪಿಕಲ್‌ಬಾಲ್ ಅಂಕಣ ಎಲ್ಲವೂ ಅಲ್ಲುಂಟು. ಹಲವು ಪಾರ್ಕ್‌ಗಳಿಗೆ 55 ತುಂಬಿದವರಿಗಷ್ಟೇ ಪ್ರವೇಶ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಆದರೆ ನನ್ನನ್ನು ಹೆಚ್ಚು ಸೆಳೆಯುವುದು ಅಲ್ಲಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್ ದೂರದ ಕ್ವಾರ್ಟ್‌ಸೈಟ್. ಕೆಲವೇ ಸಾವಿರ ಜನರ ಮರುಭೂಮಿ ಊರು. ಬೇಸಿಗೆಯಲ್ಲಿ ರಸ್ತೆಯಲ್ಲಿ ನರಪಿಳ್ಳೆ ಸಿಗದು. ಜನವರಿಯಲ್ಲಿ ದಿಣ್ಣೆ ಹತ್ತಿ ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಬಿಳಿ ವಾಹನಗಳೇ.

ಅದಕ್ಕೆ ಕಾರಣ ಸರ್ಕಾರಿ ಜಮೀನು. ಅಲ್ಲಿನ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೊ ತನ್ನ ಬಯಲುಗಳಲ್ಲಿ ಸಾಮಾನ್ಯವಾಗಿ ಒಂದು ಕಡೆ 14 ದಿನಕ್ಕಿಂತ ಹೆಚ್ಚು ತಂಗಲು ಬಿಡುವುದಿಲ್ಲ. ಚಳಿಗಾಲದ ವಲಸಿಗರು ಹೆಚ್ಚುತ್ತಾ ಹೋದಾಗ, 1983ರಲ್ಲಿ, ಕೆಲವು ಜಾಗಗಳನ್ನು ದೀರ್ಘಾವಧಿ ತಂಗುದಾಣಗಳೆಂದು ಗುರುತಿಸಿತು. ಕ್ವಾರ್ಟ್‌ಸೈಟ್ ಪಕ್ಕದ ಲಾ ಪೋಸಾ ಅವುಗಳಲ್ಲೊಂದು. ಅದರ ವಿಸ್ತೀರ್ಣ ಸುಮಾರು 11,400 ಎಕರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಬಹಳ ವರ್ಷಗಳ ಕಾಲ ಇದ್ದ ಶುಲ್ಕ 180 ಡಾಲರ್. ಲೆಕ್ಕ ಹಾಕಿದರೆ ದಿನಕ್ಕೆ ಒಂದು ಡಾಲರ್ ಕೂಡ ಬೀಳುತ್ತಿರಲಿಲ್ಲ. ಹಿರಿಯರಿಗೆ ಇಷ್ಟು ಅಗ್ಗವಾಗಿ, ಇಷ್ಟು ಮರ್ಯಾದೆಯಿಂದ ನೆಲೆ ಒದಗಿಸಿದ ಸರ್ಕಾರಿ ತೀರ್ಮಾನಗಳು ಎಲ್ಲಿಯೂ ಹೆಚ್ಚಿಲ್ಲ. ಇದನ್ನು ಹೊಗಳಲು ನನಗೆ ಸಂಕೋಚವಿಲ್ಲ.

ಅಲ್ಲಿ ನಲ್ಲಿಯಾಗಲಿ ಕರೆಂಟಿನ ಕಂಬವಾಗಲಿ ನಿಮ್ಮ ಗಾಡಿಯ ಬಾಗಿಲಿಗೆ ಬರುವುದಿಲ್ಲ. ಗಾಡಿಯೊಳಗೆ ಮೂರು ಟ್ಯಾಂಕ್‌ಗಳಿರುತ್ತವೆ: ಕುಡಿಯುವ ನೀರಿಗೊಂದು, ಅಡುಗೆ ಮತ್ತು ಸ್ನಾನದ ಕೊಳೆನೀರಿಗೊಂದು, ಶೌಚಕ್ಕೊಂದು. ಮೊದಲನೆಯದು ಬರಿದಾಗುವುದಕ್ಕೋ ಉಳಿದೆರಡು ತುಂಬುವುದಕ್ಕೋ ಮುಂಚೆ ಗಾಡಿಯನ್ನು ವಿಲೇವಾರಿ ಜಾಗಕ್ಕೆ ಒಯ್ದು ಬರಬೇಕು, ಇಲ್ಲವೇ ದುಡ್ಡು ಕೊಟ್ಟು ಹೀರುಯಂತ್ರದ ಲಾರಿ ಕರೆಸಬೇಕು. ಪಾತ್ರೆ ತೊಳೆಯುವ ನೀರನ್ನು ಲೋಟದಲ್ಲಿ ಅಳೆಯುವ ಅಭ್ಯಾಸ ಬೇಗ ಬರುತ್ತದೆ. ವಿದ್ಯುತ್ತು ಚಾವಣಿಯ ಸೌರಫಲಕದಿಂದ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ತಗ್ಗಿ ಸಾಗುವುದರಿಂದ ಫಲಕವನ್ನು ಅತ್ತ ವಾಲಿಸಿ ನಿಲ್ಲಿಸದಿದ್ದರೆ ಬ್ಯಾಟರಿ ತುಂಬದು. ಅಡುಗೆಗೂ ರಾತ್ರಿಯ ಶಾಖಕ್ಕೂ ಪ್ರೊಪೇನ್ ಸಿಲಿಂಡರ್. ಹಗಲು ಎಷ್ಟೇ ಬೆಚ್ಚಗಿದ್ದರೂ ಮರುಭೂಮಿಯ ರಾತ್ರಿ ಐದಾರು ಡಿಗ್ರಿಗೆ ಇಳಿಯುವುದುಂಟು. ದೊಡ್ಡ ಮೋಟರ್‌ಹೋಮ್ ಲೀಟರಿಗೆ ಮೂರೋ ನಾಲ್ಕೋ ಕಿಲೋಮೀಟರ್ ಓಡುವುದರಿಂದ ಸುಮ್ಮನೆ ಸುತ್ತಾಡುವಂತಿಲ್ಲ. ಹಾಗಾಗಿ ಚಕ್ರವಿದ್ದರೂ ನಾಲ್ಕೈದು ತಿಂಗಳು ಒಂದೇ ಕಡೆ ಬೀಡುಬಿಡುತ್ತಾರೆ. ನೆರೆಹೊರೆ ಹುಟ್ಟುವುದೇ ಹೀಗೆ. ಸಂಜೆ ನಾಲ್ಕರ ಹೊತ್ತಿಗೆ ಮಡಚುಕುರ್ಚಿಗಳು ವೃತ್ತವಾಗಿ ಕೂಡುತ್ತವೆ. ಯಾರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ, ಯಾರ ಗಾಡಿಯ ಇನ್ವರ್ಟರ್ ಕೆಟ್ಟಿದೆ, ಹೋದ ವರ್ಷ ಬಂದಿದ್ದ ಯಾರು ಈ ವರ್ಷ ಬಂದಿಲ್ಲ, ಎಲ್ಲವೂ ಅಲ್ಲಿ ತಿಳಿಯುತ್ತದೆ.

ಕ್ವಾರ್ಟ್‌ಸೈಟ್ ಊರಿನ ಸ್ಮಶಾನದಲ್ಲಿ ಒಂದು ಪಿರಮಿಡ್ಡಿನಾಕಾರದ ಕಲ್ಲಿನ ಗೋರಿ ಇದೆ, ತುದಿಯಲ್ಲಿ ಲೋಹದ ಒಂಟೆ. ಅದು ಹಾಜಿ ಅಲಿಯದು. ಮರುಭೂಮಿಯಲ್ಲಿ ಸರಕು ಸಾಗಿಸಲು ಒಂಟೆ ಬಳಸಿ ನೋಡೋಣವೆಂದು ಅಮೆರಿಕದ ಸೇನೆ 1856ರಲ್ಲಿ ಒಟ್ಟೊಮನ್ ಸೀಮೆಯಿಂದ ಒಂಟೆಗಳನ್ನೂ ಅವುಗಳ ಪಾಲಕರನ್ನೂ ಕರೆಸಿತು. ಅಂತರ್ಯುದ್ಧ ಬಂದು ಆ ಪ್ರಯೋಗ ನಿಂತುಹೋಯಿತು. ಅಲಿ ಮಾತ್ರ ಹಿಂದಿರುಗದೆ 1902ರಲ್ಲಿ ಇಲ್ಲೇ ತೀರಿಕೊಂಡರು. ಸ್ಥಳೀಯರ ನಾಲಿಗೆಯಲ್ಲಿ ಅವರು ‘ಹೈ ಜಾಲಿ’ ಆದರು. 1935ರಲ್ಲಿ ಕಟ್ಟಿದ ಆ ಗೋರಿಯನ್ನು ನೋಡದೆ ಚಳಿಗಾಲದ ಅತಿಥಿಗಳು ಊರು ಬಿಡುವುದಿಲ್ಲ.

ಬರುವವರೆಲ್ಲ ಒಂದೇ ಬಗೆಯವರಲ್ಲ. ನಮ್ಮ ಲೆಕ್ಕದಲ್ಲಿ ಕೋಟಿಗಟ್ಟಲೆ ಬೆಲೆಯ ಬಸ್ಸಿನಂಥ ಗಾಡಿಗಳವರಿದ್ದಾರೆ. ಹಳೆಯ ವ್ಯಾನಿನ ಹಿಂಬದಿಗೆ ಹಲಗೆ ಹೊಡೆದು ಹಾಸಿಗೆ ಮಾಡಿಕೊಂಡವರೂ ಇದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಮನೆ, ಉಳಿತಾಯ ಎರಡನ್ನೂ ಕಳೆದುಕೊಂಡ ಹಿರಿಯರ ಕಥೆಯನ್ನು ಜೆಸ್ಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದರು. ಕ್ಲೊಯಿ ಜಾವೊ ಅದನ್ನು ಸಿನಿಮಾ ಮಾಡಿದರು, 2021ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಅದರಲ್ಲಿ ಬರುವ ಲಿಂಡಾ ಮೇ, ಸ್ವಾಂಕಿ, ಬಾಬ್ ವೆಲ್ಸ್ ನಿಜಜೀವನದ ಅಲೆಮಾರಿಗಳೇ. ವೆಲ್ಸ್ 2010ರಲ್ಲಿ ಆರಂಭಿಸಿದ ವಾರ್ಷಿಕ ಕೂಟ ಕ್ವಾರ್ಟ್‌ಸೈಟ್ ಪಕ್ಕದಲ್ಲೇ ಸೇರುತ್ತಿತ್ತು. ಕಡಿಮೆ ಖರ್ಚಿನಲ್ಲಿ ವಾಹನದಲ್ಲೇ ಬದುಕುವುದನ್ನು ಒಬ್ಬರಿಗೊಬ್ಬರು ಹೇಳಿಕೊಡುವುದು ಅದರ ಕೆಲಸ. ಸಿನಿಮಾ ನೋಡಿದ ನಮ್ಮಲ್ಲಿ ಅನೇಕರಿಗೆ ಈ ಬದುಕಿನ ಒಂಟಿತನ ನೆನಪಿನಲ್ಲಿ ಉಳಿದಿದೆ. ಆ ಒಂಟಿತನ ನಿಜ. ಅದರ ಪಕ್ಕದಲ್ಲೇ, ಸಂಜೆ ಕುರ್ಚಿ ಎಳೆದುಕೊಂಡು ಕೂಡುವ ಈ ಸಹವಾಸವೂ ಅಷ್ಟೇ ನಿಜ.

ಇನ್ನು ಗಡಿ. ಯೂಮಾದಿಂದ ಪಶ್ಚಿಮಕ್ಕೆ ಅರ್ಧಗಂಟೆಯೊಳಗೆ ಆಂಡ್ರೇಡ್ ಎಂಬ ಗಡಿಠಾಣೆ. ಅದರಾಚೆ ಲೋಸ್ ಅಲ್ಗೊದೋನೆಸ್, ಮೆಕ್ಸಿಕೊ ದೇಶದ ಉತ್ತರದ ತುತ್ತತುದಿಯ ಪಟ್ಟಣ. ಅಮೆರಿಕದ ವಾಹನ ವಿಮೆ ಮೆಕ್ಸಿಕೊದಲ್ಲಿ ನಡೆಯದು. ಹಾಗಾಗಿ ಎಲ್ಲರೂ ಗಾಡಿಯನ್ನು ಈಚೆಯೇ, ಕ್ವೆಚಾನ್ ಬುಡಕಟ್ಟಿನವರು ನಡೆಸುವ ಪಾರ್ಕಿಂಗ್ ಬಯಲಿನಲ್ಲಿ ಬಿಟ್ಟು ನಡೆದು ದಾಟುತ್ತಾರೆ. ಈ ನದೀತೀರ ಶತಮಾನಗಳಿಂದ ಕ್ವೆಚಾನರದು. ಗಡಿಗೆರೆ ಎಳೆದದ್ದು ಬಹಳ ಆಮೇಲೆ.

ದಾಟಿದ ಕೂಡಲೇ ಬೀದಿಯಲ್ಲಿ ನಿಂತವರು ಕರೆಯುತ್ತಾರೆ: ಹಲ್ಲು ಬೇಕೆ, ಕನ್ನಡಕ ಬೇಕೆ, ಔಷಧಿ ಬೇಕೆ? ಕೆಲವೇ ಸಾವಿರ ಜನಸಂಖ್ಯೆಯ ಈ ಊರಿನಲ್ಲಿ ನೂರಾರು ದಂತವೈದ್ಯರು. ಇದಕ್ಕೆ ಕಾರಣ ಅಮೆರಿಕದಲ್ಲೇ ಇದೆ. 65 ದಾಟಿದವರಿಗೆಂದು 1965ರಲ್ಲಿ ಮೆಡಿಕೇರ್ ವಿಮೆ ತಂದಾಗ ಸಾಮಾನ್ಯ ಹಲ್ಲಿನ ಚಿಕಿತ್ಸೆ, ಕನ್ನಡಕ, ಶ್ರವಣಯಂತ್ರ ಮೂರನ್ನೂ ಹೊರಗಿಟ್ಟರು. ವಯಸ್ಸಾದವರಿಗೆ ಬೇಕಾದದ್ದೇ ಆ ಮೂರು. ಮೂಲ ಮೆಡಿಕೇರ್ ಇವತ್ತಿಗೂ ಹಾಗೆಯೇ ಇದೆ. ಆ ಕಡೆ ಸಾವಿರ ಡಾಲರ್ ದಾಟುವ ಒಂದು ಕ್ಯಾಪ್ ಈ ಕಡೆ ಮೂರನೇ ಒಂದು ಭಾಗಕ್ಕೋ ಇನ್ನೂ ಕಡಿಮೆಗೋ ಸಿಗುತ್ತದೆ. ರೂಟ್ ಕೆನಾಲ್, ಇಂಪ್ಲಾಂಟ್, ಇಡೀ ಹಲ್ಲಿನ ಸೆಟ್ಟು ಎಲ್ಲವೂ ಹಾಗೆಯೇ. ಒಂದು ಚಳಿಗಾಲದಲ್ಲಿ ಹಲ್ಲಿನ ಖರ್ಚಿನಲ್ಲಿ ಉಳಿಸಿದ ದುಡ್ಡು ಪ್ರಯಾಣದ ಡೀಸೆಲಿಗೆ ಸಾಕಾಗುವುದುಂಟು. ಮಧ್ಯಾಹ್ನ ಮೀನಿನ ಟಾಕೊ ತಿಂದು, ತಿಂಗಳ ಔಷಧಿ ಚೀಲದಲ್ಲಿಟ್ಟು, ಮರಳುವ ಸಾಲಿನಲ್ಲಿ ನಿಲ್ಲುತ್ತಾರೆ. ಜನವರಿ, ಫೆಬ್ರುವರಿಯಲ್ಲಿ ಆ ಸಾಲು ಗಂಟೆಗಟ್ಟಲೆ ಕರಗುವುದಿಲ್ಲ. ಶ್ರೀಮಂತ ದೇಶವೊಂದು ತನ್ನ ಹಿರಿಯರನ್ನು ಹಲ್ಲಿಗಾಗಿ ಪರದೇಶಕ್ಕೆ ನಡೆಸುತ್ತಿರುವುದು ನನಗೆ ನಾಚಿಕೆಗೇಡಿನ ಸಂಗತಿಯಾಗಿಯೇ ಕಾಣುತ್ತದೆ. ಅಲ್ಗೊದೋನೆಸ್‌ನ ವೈದ್ಯರ ಬಗ್ಗೆ ಮಾತ್ರ ಗೌರವವಿದೆ.

ಇದೇ ಗಡಿಯಲ್ಲಿ ಎದುರು ದಿಕ್ಕಿನಲ್ಲೂ ಒಂದು ಸಾಲಿದೆ. ನಿವೃತ್ತರು ಏಳುವುದಕ್ಕೆ ಬಹಳ ಮುಂಚೆ, ನಡುರಾತ್ರಿ ಕಳೆಯುತ್ತಿದ್ದಂತೆ, ಸಾನ್ ಲುಯಿಸ್ ಠಾಣೆಯಲ್ಲಿ ಸಾವಿರಾರು ಕೃಷಿ ಕಾರ್ಮಿಕರು ಉತ್ತರಕ್ಕೆ ದಾಟುತ್ತಾರೆ. ಬಸ್ಸುಗಳು ಅವರನ್ನು ಹೊಲಕ್ಕೆ ಒಯ್ಯುತ್ತವೆ, ಹಿಂದೆ ಸಂಚಾರಿ ಶೌಚಾಲಯಗಳನ್ನು ಎಳೆದುಕೊಂಡು. ಎಲೆಯ ಮೇಲೆ ಹಿಮ ಕಟ್ಟಿದ್ದರೆ ಅದು ಕರಗುವವರೆಗೆ ಲೆಟ್ಯೂಸ್ ಮುಟ್ಟುವಂತಿಲ್ಲ, ಮುಟ್ಟಿದ ಕಡೆ ಎಲೆ ಕಂದಿ ಹಾಳಾಗುತ್ತದೆ. ಹಾಗಾಗಿ ನಸುಕಿನಲ್ಲಿ ಬಂದವರು ಬಸ್ಸಿನೊಳಗೆ ಕಾಯುತ್ತಾರೆ. ಆಮೇಲೆ ದಿನವಿಡೀ ಬಾಗಿದ ಬೆನ್ನು. ಚಳಿಗಾಲದಲ್ಲಿ ಅಮೆರಿಕನ್ನರು ತಿನ್ನುವ ಎಲೆತರಕಾರಿಯ ಬಹುಪಾಲು ಈ ಸುತ್ತಮುತ್ತಲಿನ ಹೊಲಗಳದು. ಅಂದರೆ ಬೀಡಿನ ಸಂಜೆಯೂಟದ ಸಲಾಡೂ ಹೀಗೆ ದಾಟಿ ಬಂದ ಕೈಗಳು ಕೊಯ್ದದ್ದೇ. ಎರಡೂ ಸಾಲುಗಳು ಒಂದನ್ನೊಂದು ನೋಡುವುದೇ ಇಲ್ಲ. ಒಂದು ಕಡೆಯವರಿಗೆ ಪಾಸ್‌ಪೋರ್ಟು ತೋರಿಸಿದರೆ ಮುಗಿಯಿತು, ಇನ್ನೊಂದು ಕಡೆಯವರ ಹೊಟ್ಟೆಪಾಡು ಒಂದು ಪರವಾನಗಿ ಚೀಟಿಯ ಮೇಲೆ ನಿಂತಿದೆ. ಮೋಟರ್‌ಹೋಮ್ ಪ್ರವಾಸದ ಬರಹಗಳಲ್ಲಿ ಈ ಎರಡನೆಯ ಸಾಲಿನ ಪ್ರಸ್ತಾಪ ಅಪರೂಪ.

ನೀರಿಗೂ ಇಲ್ಲಿ ಗಡಿಯುಂಟು. 1944ರ ಒಪ್ಪಂದದಂತೆ ಅಮೆರಿಕವು ಕೊಲರಾಡೊ ನದಿಯಿಂದ ಮೆಕ್ಸಿಕೊಗೆ ವರ್ಷಕ್ಕೆ 15 ಲಕ್ಷ ಎಕರೆ-ಅಡಿ ನೀರು ಬಿಡಬೇಕು. ಕಾವೇರಿಯ ಸುದ್ದಿ ಓದಿ ಬೆಳೆದ ನಮಗೆ ಅರ್ಥವಾಗುವ ಅಳತೆಯಲ್ಲಿ ಸುಮಾರು 65 ಟಿಎಂಸಿ. ಅಲ್ಗೊದೋನೆಸ್ ಪಕ್ಕದ ಮೊರೆಲೋಸ್ ಅಣೆಕಟ್ಟೆಯಲ್ಲಿ ಹೆಚ್ಚುಕಡಿಮೆ ಅಷ್ಟೂ ನೀರು ಕಾಲುವೆಗೆ ತಿರುಗುತ್ತದೆ. ಕೆಳಗೆ ನದಿಯ ಪಾತ್ರ ಬಹುಪಾಲು ಒಣಗಿದ ಮರಳು.

ಕೆನಡಾದವರ ಲೆಕ್ಕಾಚಾರ ಇನ್ನೊಂದು ಬಗೆಯದು. ಅಮೆರಿಕ ಅವರನ್ನು ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಗೊಡುತ್ತದೆ. ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅಮೆರಿಕದ ತೆರಿಗೆಯ ತಲೆನೋವು. ತಮ್ಮ ಪ್ರಾಂತ್ಯದಿಂದ ಹೆಚ್ಚು ದಿನ ಹೊರಗಿದ್ದರೆ ಆರೋಗ್ಯ ವಿಮೆಯೇ ಕೈತಪ್ಪೀತು. ಒಂಟಾರಿಯೊದಲ್ಲಿ ಹನ್ನೆರಡು ತಿಂಗಳಲ್ಲಿ 212 ದಿನ ಅದರ ಮಿತಿ. ಕ್ಯಾಲೆಂಡರಿನಲ್ಲಿ ದಿನ ಎಣಿಸುವ ಈ ಕಷ್ಟ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೂ ಗೊತ್ತು. ಬಾಣಂತನಕ್ಕೆಂದು ಹೋದವರಿಗೆ ಸಿಗುವುದೂ ಬಹುತೇಕ ಆರು ತಿಂಗಳು. ಕೊಂಡೊಯ್ಯುವ ಪ್ರವಾಸಿ ವಿಮೆ ಸಾಮಾನ್ಯ ಹಲ್ಲಿನ ಖರ್ಚು ನೋಡಿಕೊಳ್ಳುವುದಿಲ್ಲ. ಅಮೆರಿಕದ ಊರ್ಜಿತ ವೀಸಾ ಇದ್ದರೆ ಮೆಕ್ಸಿಕೊ ಭಾರತೀಯರಿಂದ ಬೇರೆ ವೀಸಾ ಕೇಳುವುದಿಲ್ಲ. ಆದರೂ ದಾಟುವ ಮುನ್ನ ಹಿಂದಿರುಗಲು ಬೇಕಾದ ಕಾಗದಗಳನ್ನು ಎರಡು ಸಲ ನೋಡಿಕೊಳ್ಳುವುದು ಒಳಿತು.

ಈ ಚಳಿಗಾಲದ ವಲಸೆಯ ವ್ಯವಸ್ಥೆ ಎಷ್ಟು ನಾಜೂಕಿನದೆಂಬುದು 2020ರ ಚಳಿಗಾಲದಲ್ಲಿ ಗೊತ್ತಾಯಿತು. ಕೋವಿಡ್‌ನಿಂದ ಅಮೆರಿಕ–ಕೆನಡಾ ರಸ್ತೆಗಡಿ ಮುಚ್ಚಿ, ಕೆನಡಾದವರು ಗಾಡಿಯನ್ನು ಹಿಮದಲ್ಲೇ ನಿಲ್ಲಿಸಿ ಕೂರಬೇಕಾಯಿತು. 2025ರಲ್ಲಿ ಎರಡು ದೇಶಗಳ ನಡುವೆ ಸುಂಕದ ಜಗಳ ಹತ್ತಿ, ಜೊತೆಗೆ 30 ದಿನ ಮೀರಿ ತಂಗುವವರು ಹೆಸರು ನೋಂದಾಯಿಸಬೇಕೆಂಬ ನಿಯಮವೂ ಜಾರಿಗೆ ಬಂದು, ಕೆನಡಾದಿಂದ ರಸ್ತೆಮಾರ್ಗವಾಗಿ ಬರುವವರು ಬಹಳ ಕಡಿಮೆಯಾದರು. ಇಪ್ಪತ್ತು ಮೂವತ್ತು ವರ್ಷ ಅಕ್ಕಪಕ್ಕ ಗಾಡಿ ನಿಲ್ಲಿಸಿದ ಗೆಳೆತನಗಳ ನಡುವೆ ರಾಜಕಾರಣ ಬಂದು ನಿಂತಿತು.

ಗಡಿ ತೆರೆದೇ ಇದ್ದರೂ ಒಂದು ದಿನ ಸ್ಟಿಯರಿಂಗ್ ಹಿಡಿಯುವ ಕೈ ನಡುಗುತ್ತದೆ. ಕಣ್ಣು ಮಂಜಾಗುತ್ತದೆ, ಇಬ್ಬರಲ್ಲಿ ಒಬ್ಬರು ಇಲ್ಲವಾಗುತ್ತಾರೆ. ಪ್ರತಿ ಮಾರ್ಚಿನಲ್ಲಿ ಯೂಮಾದ ಪಾರ್ಕ್‌ಗಳಲ್ಲಿ ಮಾರಾಟದ ಚೀಟಿ ಅಂಟಿಸಿಕೊಂಡು ನಿಂತ ಗಾಡಿಗಳ ಹಿಂದೆ ಇಂಥ ಕಾರಣಗಳಿರುತ್ತವೆ. ಮಾರಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಹುಟ್ಟುಹಾಕಿದ ಎಸ್ಕೇಪೀಸ್ ಎಂಬ ಮೋಟರ್‌ಹೋಮ್ ಸಂಘ, ಟೆಕ್ಸಾಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ ತನ್ನ ಪಾರ್ಕಿನೊಳಗೆ ಹಿರಿಯರಿಗಾಗಿ ಒಂದು ಆರೈಕೆ ಕೇಂದ್ರವನ್ನು ಕಟ್ಟಿತು. ಓಡಿಸಲಾಗದವರು ಅಲ್ಲಿ ತಮ್ಮ ಗಾಡಿಯನ್ನು ನಿಲ್ಲಿಸಿ, ಅದರೊಳಗೇ ವಾಸ ಮುಂದುವರಿಸುತ್ತಾರೆ. ಊಟ ಕೇಂದ್ರದಲ್ಲಿ ಸಿದ್ಧವಿರುತ್ತದೆ, ಆಸ್ಪತ್ರೆಗೆ ಕರೆದೊಯ್ಯಲು ಜನರಿದ್ದಾರೆ, ಹಗಲಿನಲ್ಲಿ ನೋಡಿಕೊಳ್ಳುವವರೂ ಇದ್ದಾರೆ. ಸಂಘದ ಇತರ ಸದಸ್ಯರು ದಾರಿಯಲ್ಲಿ ಹೋಗುವಾಗ ಕೆಲವು ವಾರ ಅಲ್ಲಿ ನಿಂತು ಸ್ವಯಂಸೇವೆ ಮಾಡುತ್ತಾರೆ, ಆಮೇಲೆ ತಮ್ಮ ಗಾಡಿ ಏರಿ ದಕ್ಷಿಣಕ್ಕೋ ಪಶ್ಚಿಮಕ್ಕೋ ಹೊರಡುತ್ತಾರೆ.