ಪುರಾತತ್ತ್ವಜ್ಞನ ಅರ್ಹತೆ

ಪುರಾತತ್ತ್ವ ಶೋಧನೆಯನ್ನು ವೃತ್ತಿಯಾಗಿ ಕೈಗೊಳ್ಳಬಯಸುವ ವಿದ್ಯಾರ್ಥಿಯು ಯಾವ ವ್ಯಾಸಂಗವನ್ನು ಮಾಡಿರಬೇಕು? ಕ್ಯಾತ್ಸಂದ್ರದ ತರುಣನೊಬ್ಬನು ಈ ಪ್ರಶ್ನೆಯನ್ನು ಕೇಳಿದನೆಂದು ಭಾವಿಸಿ ವಿಚಾರಮಾಡೋಣ.

ಅವನ ಸುತ್ತಣ ನೆಲವೇ ಶಾಸನಗಳ ಭಂಡಾರ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟವಾಗಿ ಹೊರತಂದರು. ಅವುಗಳಲ್ಲಿ ಬಹುಪಾಲು ಕನ್ನಡದವು. ರೈಸರ ತರುವಾಯ 1906ರಿಂದ 1922ರವರೆಗೆ ಮೈಸೂರಿನ ಪುರಾತತ್ತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಕನ್ನಡದ ಎಂ.ಎ. ಪದವೀಧರರು. ಭಾಷಾಪಾಂಡಿತ್ಯವೇ ಅಂದು ಮುಖ್ಯ ಅರ್ಹತೆಯಾಗಿತ್ತು.

ಆದರೆ ಶಾಸನವನ್ನು ಓದುವುದು ಬೇರೆ, ನೆಲವನ್ನು ಓದುವುದು ಬೇರೆ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಮಣ್ಣಿನ ಪದರಗಳ ಅನುಕ್ರಮದಿಂದ ಕಾಲನಿರ್ಣಯ ಮಾಡುವ ಕ್ರಮವನ್ನು ತೋರಿಸಿದರು. ಪದರವನ್ನು ಒಮ್ಮೆ ಅಗೆದರೆ ಮತ್ತೆ ಕೂಡಿಸಲಾಗದು; ಆದುದರಿಂದ ಕೈಗೆ ತರಬೇತಿಯಿಲ್ಲದವನ ಪಾಂಡಿತ್ಯವು ಇಲ್ಲಿ ಹಾನಿಯನ್ನೇ ಉಂಟುಮಾಡೀತು. ಈ ತರಬೇತಿಗಾಗಿ ಕೇಂದ್ರ ಪುರಾತತ್ತ್ವ ಇಲಾಖೆಯು 1959ರಲ್ಲಿ ದೆಹಲಿಯಲ್ಲಿ ಶಾಲೆಯೊಂದನ್ನು ತೆರೆಯಿತು. ಈಗ ಗ್ರೇಟರ್ ನೋಯ್ಡಾದಲ್ಲಿರುವ ಆ ಸಂಸ್ಥೆಯು ಎರಡು ವರ್ಷಗಳ ಸ್ನಾತಕೋತ್ತರ ಡಿಪ್ಲೊಮಾ ಶಿಕ್ಷಣವನ್ನು ಕೊಡುತ್ತದೆ.

ಅಲ್ಲಿಗೆ ಪ್ರವೇಶ ಯಾರಿಗೆ? 2020ರ ಅಕ್ಟೋಬರಿನ ಪ್ರಕಟಣೆಯು ಭಾರತೀಯ ಇತಿಹಾಸ, ಪುರಾತತ್ತ್ವ, ಮಾನವಶಾಸ್ತ್ರ ಮುಂತಾದವುಗಳ ಎಂ.ಎ. ಪದವಿಯೊಡನೆ ಸಂಸ್ಕೃತ, ಪಾಲಿ, ಪ್ರಾಕೃತ, ಅರಬ್ಬಿ, ಪಾರಸಿ ಭಾಷೆಗಳ ಪದವಿಗಳನ್ನೂ ಅಂಗೀಕರಿಸಿತ್ತು. 2008ರಲ್ಲಿಯೇ ಶಾಸ್ತ್ರೀಯ ಭಾಷೆಯೆಂಬ ಮನ್ನಣೆ ಪಡೆದಿದ್ದ ಕನ್ನಡದ ಹೆಸರು ಅದರಲ್ಲಿರಲಿಲ್ಲ. ಸಿದ್ಧಗಂಗೆಯಲ್ಲಿ ಸಂಸ್ಕೃತವನ್ನು ಓದಿ ಮುಂದೆ ಅದರಲ್ಲಿಯೇ ಎಂ.ಎ. ಮಾಡಿದವನು ಅರ್ಜಿ ಸಲ್ಲಿಸಬಹುದಾಗಿತ್ತು. ತನ್ನ ಜಿಲ್ಲೆಯ ಶಾಸನಗಳನ್ನು ಓದಬಲ್ಲ ಕನ್ನಡ ಎಂ.ಎ. ಪದವೀಧರನು ಆ ಪದವಿಯ ಬಲದಿಂದ ಸಲ್ಲಿಸುವಂತಿರಲಿಲ್ಲ. ನರಸಿಂಹಾಚಾರ್ಯರೇ ಬಂದಿದ್ದರೂ ಇದೇ ಗತಿ! ತಮಿಳುನಾಡಿನಿಂದ ಆಕ್ಷೇಪಣೆ ಬಂದ ಮೇಲೆ ಅದೇ ತಿಂಗಳಲ್ಲಿ ಪಟ್ಟಿಯನ್ನು ತಿದ್ದಿ, ತಮಿಳು, ಕನ್ನಡ, ತೆಲುಗು, ಮಲಯಾಳ, ಒಡಿಯಾ ಭಾಷೆಗಳನ್ನು ಸೇರಿಸಲಾಯಿತು.

ಪದವಿ, ತರಬೇತಿ ಎರಡೂ ಇದ್ದರೂ ಗುದ್ದಲಿ ಹಿಡಿಯುವ ಅಧಿಕಾರ ತಾನಾಗಿ ಬಾರದು. 1958ರ ಕೇಂದ್ರ ಅಧಿನಿಯಮದ ಮೇರೆಗೆ ರಕ್ಷಿತ ಪ್ರದೇಶದಲ್ಲಿ ಇಲಾಖೆಯ ಹೊರಗಿನವರು ಉತ್ಖನನ ನಡೆಸಲು ಲೈಸೆನ್ಸ್ ಅವಶ್ಯಕ. ಅದನ್ನು ಕೊಡುವಾಗ ಉತ್ಖನನ ನಿರ್ದೇಶಕನ ಸಾಮರ್ಥ್ಯವನ್ನೂ ಸಿಬ್ಬಂದಿಯ ಪರ್ಯಾಪ್ತತೆಯನ್ನೂ ಪರಿಶೀಲಿಸಬೇಕೆಂದು 1959ರ ನಿಯಮಗಳು ವಿಧಿಸುತ್ತವೆ.

ಆದುದರಿಂದ ಆ ತರುಣನಿಗೆ ನಾವು ಹೇಳಬಹುದಾದುದು ಇಷ್ಟೆ: ಹಳಗನ್ನಡವನ್ನೂ ಲಿಪಿಶಾಸ್ತ್ರವನ್ನೂ ಬಿಡದಿರಲಿ, ಅದರೊಡನೆ ಉತ್ಖನನದ ಕಂದಕಕ್ಕಿಳಿದು ಮಣ್ಣಿನ ಪಾಠವನ್ನೂ ಕಲಿಯಲಿ. ಕನ್ನಡಕ್ಕೆ ಬಾಗಿಲು ತೆರೆದಿದೆ. ಆ ಬಾಗಿಲನ್ನು ದಾಟುವ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವುದು ಅಧ್ಯಾಪಕರಾದ ನಮ್ಮೆಲ್ಲರ ಹೊಣೆ.