ರಾಮಗಢವಲ್ಲದ ರಾಮನಗರ

‘ಗಬ್ಬರ್ ಕೂತಿದ್ದ ಬಂಡೆ ಯಾವುದು?’ ರಾಮದೇವರ ಬೆಟ್ಟದ ಬುಡದಲ್ಲಿ ಕಾರಿನಿಂದ ಇಳಿದವರು ಈಗಲೂ ಮೊದಲು ಕೇಳುವುದು ಇದನ್ನೇ. 1975ರಲ್ಲಿ ತೆರೆಕಂಡ ‘ಶೋಲೆ’ಗಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಇಲ್ಲಿನ ಬಂಡೆಗಳನ್ನೆಲ್ಲ ರಾಮಗಢ ಮಾಡಿಬಿಟ್ಟರು. ಹತ್ತು ವರ್ಷ ತುಂಬುವ ಮೊದಲೇ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆಂದು ಬಂದರು. ಸಾವನದುರ್ಗ ಆ ಕಥೆಯ ಮರಬಾರ್ ಬೆಟ್ಟವಾಯಿತು. ಹೀಗೆ ಬೇರೆ ಊರಿನ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತು ಈ ಸೀಮೆಗೆ ಅಭ್ಯಾಸವಾಗಿದೆ. ಹೆಸರಿನ ಕಥೆಯೂ ಹಾಗೇ. ಟಿಪ್ಪು ಕಾಲದ ಶಂಷೇರಾಬಾದ್, ಬ್ರಿಟಿಷರ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆಯಾದದ್ದು 2025ರಲ್ಲಿ ‘ಬೆಂಗಳೂರು ದಕ್ಷಿಣ’ವಾಯಿತು. ಕ್ಲೋಸ್‌ಪೇಟೆಯ ಹೆಸರು ಉಳಿದಿರುವುದು ಭೂವಿಜ್ಞಾನಿಗಳ ಬಾಯಲ್ಲಿ ಮಾತ್ರ: ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ನಸುಗೆಂಪು ಕಲ್ಲಿಗೆ ಅವರು ‘ಕ್ಲೋಸ್‌ಪೇಟ್ ಗ್ರಾನೈಟ್’ ಎನ್ನುತ್ತಾರೆ.

ವೇಷ ಕಳಚಿದ ಊರನ್ನು ನೋಡಬೇಕೆನ್ನುವ ಫೋಟೊಗ್ರಾಫರ್ ಬೆಟ್ಟಕ್ಕೆ ಬೆನ್ನು ಮಾಡಿ, ಬೆಳಗಿನ ಹೊತ್ತು ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಇದು. ಸಾಲುಸಾಲಾಗಿ ಸುರಿದ ಗೂಡಿನಲ್ಲಿ ಬೈವೋಲ್ಟೈನ್ ಅಚ್ಚ ಬಿಳಿ, ಮಿಶ್ರತಳಿ ಹಸಿರು ಬೆರೆತ ಹಳದಿ. ಬಿಳಿಯ ರಾಶಿ ಕ್ಯಾಮೆರಾದ ಮೀಟರನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಅದು ಹೇಳಿದ ಲೆಕ್ಕ ನಂಬಿದರೆ ಗೂಡು ಬೂದಿ ಬಣ್ಣಕ್ಕೆ ತಿರುಗುತ್ತದೆ, ಒಂದು ಸ್ಟಾಪ್ ಬೆಳಕು ಹೆಚ್ಚಿಸಿಕೊಳ್ಳಬೇಕು. ರೀಲರುಗಳು ಒಂದು ಹಿಡಿ ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಹರಾಜನ್ನು ಕೂಗುತ್ತಿದ್ದ ಕಾಲದಲ್ಲಿ ಎತ್ತಿದ ಕೈ, ತೆರೆದ ಬಾಯಿ ಚಿತ್ರಕ್ಕೆ ಸಿಗುತ್ತಿದ್ದವು. ಈಗ ಬಿಡ್ಡು ಮೊಬೈಲಿನಲ್ಲಿ, ಎಲ್ಲರ ತಲೆಯೂ ತಗ್ಗಿದೆ. ರೈತನಿಗೆ ಇದರಿಂದ ಒಳ್ಳೆಯದಾಗಿರಬಹುದು, ಚಿತ್ರಕ್ಕಂತೂ ನಷ್ಟ. ಆದರೂ ತನ್ನ ಲಾಟಿನ ಬೆಲೆಗೆ ಕಾಯುತ್ತ ನಿಂತ ರೈತನ ಮುಖ ಯಾವ ತಂತ್ರಜ್ಞಾನಕ್ಕೂ ಬದಲಾಗಿಲ್ಲ.

ಗೂಡಿನ ಹಿಂದಿನ ಕಥೆ ಹಳ್ಳಿಯ ಹುಳದ ಮನೆಯಲ್ಲಿದೆ. ಅಲ್ಲಿಗೆ ಕ್ಯಾಮೆರಾ ಹೊತ್ತವರು ನುಗ್ಗುವಂತಿಲ್ಲ. ಕಾಲು ತೊಳೆಯಬೇಕು, ಸೆಂಟು ಹಾಕಿಕೊಂಡು ಬಂದಿರಬಾರದು. ಮನೆಯವರು ‘ಹುಳ ಜ್ವರಕ್ಕೆ ಕೂತಿದೆ, ನಾಳೆ ಬನ್ನಿ’ ಎಂದರೆ ತಿರುಗಿ ಮಾತಿಲ್ಲ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು. ಇಂಥ ನಾಲ್ಕು ಜ್ವರ ಎದ್ದ ಹುಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಆ ಸದ್ದಡಗಿ, ಬಿದಿರಿನ ಸುರುಳಿಗಳ ನಡುವೆ ಎಳೆ ಮಾತ್ರ ಮಿಣುಗುತ್ತದೆ. ಮನೆಯ ಹೊರಗೆ ಒರಗಿಸಿಟ್ಟ ಚಂದ್ರಿಕೆಯನ್ನು ಎಲ್ಲರೂ ಕ್ಲಿಕ್ಕಿಸುತ್ತಾರೆ. ಒಳಗೆ ನಡುರಾತ್ರಿ ಎದ್ದು ಸೊಪ್ಪು ಹಾಕುವ ಹೆಂಗಸಿನ ಚಿತ್ರ ಅಪರೂಪ.

ಹಾಗಾದರೆ ಬೆಟ್ಟವನ್ನು ಬಿಟ್ಟೇ ಬಿಡಬೇಕೆ? ಇಲ್ಲ. 2012ರಲ್ಲಿ ರಾಮದೇವರ ಬೆಟ್ಟದ 346 ಹೆಕ್ಟೇರು ದೇಶದ ಮೊದಲ ರಣಹದ್ದು ಧಾಮವಾಯಿತು. ಉದ್ದ ಕೊಕ್ಕಿನ ರಣಹದ್ದಿನ ಗೂಡನ್ನು ಹುಡುಕಲು ಹಕ್ಕಿಗಿಂತ ಮೊದಲು ಕಡಿದಾದ ಬಂಡೆಯ ಮೇಲಿನ ಬಿಳಿ ಗೀರು ನೋಡಬೇಕು, ಅದು ಅವುಗಳ ಹಿಕ್ಕೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಒಳಸೇರಿ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಅದರ ಪಶುಬಳಕೆಗೆ ನಿಷೇಧ ಬರುವಷ್ಟರಲ್ಲಿ ದೇಶದ ರಣಹದ್ದುಗಳು ಬಹುಪಾಲು ಮುಗಿದಿದ್ದವು. ಇಲ್ಲಿಯೂ ಉಳಿದದ್ದು ಬೆರಳೆಣಿಕೆ. ಗೂಡಿನ ಹತ್ತಿರ ಹೋಗಿ ತೆಗೆದ ಚಿತ್ರಕ್ಕೆ ಮೆಚ್ಚುಗೆ ಸಿಗಬಹುದು, ಆದರೆ ಬೆದರಿ ಎದ್ದ ತಾಯಿಯ ಆ ಒಂದು ಮೊಟ್ಟೆಯ ಗತಿಯೇನು? ಅದೃಷ್ಟವಿದ್ದವರಿಗೆ ಕುರುಚಲು ಗಿಡದಲ್ಲಿ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ದಕ್ಷಿಣದ ಬಂಡೆಗುಡ್ಡಗಳಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ.

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗಳ ಬಣ್ಣಕ್ಕೆ ಮರುಳಾಗಿ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ನೀಲಸಂದ್ರದಂಥ ಊರುಗಳಲ್ಲಿ ಪಟ್ಟಾಂಗಕ್ಕೆ ಕೂತರೆ ನಿಜವಾದ ಚಿತ್ರ ಕಾಣುತ್ತದೆ: ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ, ಆಮೇಲೆ ತಾಳೆಗರಿಯಲ್ಲಿ ತಿಕ್ಕಿದರೆ ಹೊಳಪು. ಶಟರ್ ವೇಗ ತಗ್ಗಿಸಿದರೆ ಬೊಂಬೆ ಮಸುಕಾಗಿ ಸುತ್ತುತ್ತದೆ, ಕೈ ಮಾತ್ರ ಸ್ಪಷ್ಟ.

ರಾಮನಗರದ ಹೆದ್ದಾರಿ ಬದಿಯ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ಕಟ್ಟಿದ್ದು ಇಂಥ ಕೈಗಳ ನೆನಪಿಗಾಗಿಯೇ. ಅಲ್ಲಿನ ಚಿತ್ರಕುಟೀರದ ಗೋಡೆಗಳಲ್ಲಿ ಜನಪದ ಕಲೆ, ಬದುಕಿನ ಛಾಯಾಚಿತ್ರಗಳಿವೆ. ಮಂಟಪದ ಬೆಳಕಿಗೆ ಸಿಂಗರಿಸಿಕೊಂಡವರಿಗಿಂತ ದಿನದ ಕೆಲಸದಲ್ಲಿದ್ದವರ ಚಿತ್ರಗಳು ಹೆಚ್ಚು ಹೊತ್ತು ನಿಲ್ಲಿಸುತ್ತವೆ.

ಕನಕಪುರದ ಕಡೆ ಬೇರೆಯೇ ಬೆಳಕು. ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದೆ, ಮೇಕೆದಾಟಿಗೆ ಹೋಗುವವರು ತೆಪ್ಪದಲ್ಲಿ ಹೊಳೆ ದಾಟುತ್ತಾರೆ. ಪ್ರವಾಸಿ ಚಿತ್ರಗಳಲ್ಲಿ ಬರುವುದು ಇಷ್ಟೇ. ಕಾಡಂಚಿನ ಹೊಲಗಳಲ್ಲಿ ಆನೆಗೆ ಕಾವಲು ಕೂರುವ ಅಟ್ಟಣೆ, ಟಾರ್ಚು, ತಗಡಿನ ಡಬ್ಬ, ಬೆಳಗ್ಗೆ ತುಳಿದ ಬಾಳೆಯ ಮುಂದೆ ನಿಂತ ಮನೆಯವರು ಪೋಸ್ಟ್‌ಕಾರ್ಡಿಗೆ ಸೇರಿದವರಲ್ಲ.

ಮಾಗಡಿಗೆ ಹೋಗಲು ಧನುರ್ಮಾಸದ ಚಳಿಯೇ ಸರಿ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬೆಳೆದ ಅವರೆ ಆಗ ಸೊಗಡು ಹಿಡಿದಿರುತ್ತದೆ, ಬೆಂಗಳೂರಿನವರು ಮಾಗಡಿ ಅವರೆ ಎಂದೇ ಕೇಳಿ ಕೊಳ್ಳುವ ಕಾಯಿ. ಕುದೂರು–ಹುಲಿಕಲ್ ನಡುವಿನ ನಾಲ್ಕು ಕಿಲೋಮೀಟರಿನಲ್ಲಿ ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು ಬೆಳೆಸಿದ 385 ಆಲಗಳಿವೆ. ಮರ ತಬ್ಬಿದ ತಿಮ್ಮಕ್ಕನ ಚಿತ್ರ ಎಲ್ಲರಿಗೂ ಗೊತ್ತು. ಆ ಸಾಲು ಒಂದೇ ಚೌಕಟ್ಟಿಗೆ ಹಿಡಿಯುವುದಿಲ್ಲ, ನಡೆದೇ ನೋಡಬೇಕು. ಸುತ್ತಲಿನ ಹಳ್ಳಿರಸ್ತೆಗಳಲ್ಲಿ ಈಗ ಕಣ ಮಾಡುವವರು ಕಡಿಮೆ. ರಾಗಿ ತೆನೆಯನ್ನು ಟಾರಿನ ಮೇಲೇ ಹರಡಿ, ಬಸ್ಸು, ಟೆಂಪೊ, ಸ್ಕೂಟರು ತುಳಿದು ಹೋಗಲಿ ಎಂದು ಬಿಡುತ್ತಾರೆ. ಕ್ಯಾಮೆರಾ ಹಿಡಿದು ನಡುರಸ್ತೆಯಲ್ಲಿ ಕೂತವನನ್ನು ಕಂಡರೆ ಪೊರಕೆ ಹಿಡಿದ ಅಜ್ಜಿ ಗದರಿಸುತ್ತಾಳೆ: ‘ಪಕ್ಕಕ್ ಬಾರಪ್ಪ, ಗಾಡಿಗಳು ತುಳೀಲಿ.’