ಬೆಂಗಳೂರಲ್ಲಿ ರೂಮು ಎಲ್ಲಿ ಹಿಡಿಯೋಣ?

ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಬೆಳಿಗ್ಗೆ ಹೋಗಿ ರಾತ್ರಿ ಬರುವ ಊರು ಅಂತಲೇ ನಮ್ಮ ಲೆಕ್ಕ. ಮದುವೆ ಜವಳಿ, ಆಸ್ಪತ್ರೆ, ಪಾಸ್‌ಪೋರ್ಟು, ಯಾವ ಕೆಲಸವಿದ್ದರೂ ಮುಗಿದ ಕೂಡಲೇ ಬಸ್‌ಸ್ಟ್ಯಾಂಡಿಗೆ ಓಟ. ಹಾಗಾಗಿ ಇಪ್ಪತ್ತು ವರ್ಷ ಹೋಗಿ ಬಂದವರೂ ಆ ಊರನ್ನು ಸರಿಯಾಗಿ ನೋಡಿರುವುದಿಲ್ಲ. ನೋಡಬೇಕಾದರೆ ನಡೆಯಬೇಕು. ನಡೆಯಬೇಕಾದರೆ ಒಂದು ರಾತ್ರಿಯಾದರೂ ಅಲ್ಲಿ ತಂಗಬೇಕು.

ನಮ್ಮ ಉಮ್ಮ ಬಂಟ್ವಾಳದಿಂದ ಮದುವೆಯಾಗಿ ಕೋಲಾರಕ್ಕೆ ಬಂದವರು. ಬಂಟ್ವಾಳದಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೇಲೆ ಹಾದು ಹೋಗುತ್ತದೆ. ಇಷ್ಟು ವರ್ಷ ತವರಿಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದೇ ಉಮ್ಮನ ಬೆಂಗಳೂರು. ಅವರಿಗೆ ಇದ್ದ ಆಸೆ ಒಂದೇ, ಲಾಲ್‌ಬಾಗ್. ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ಅವರ ತಂದೆ ಫತೇ ಮುಹಮ್ಮದರ ಸಮಾಧಿ ಇರುವುದು ನಮ್ಮ ಕೋಲಾರದ ಮಕ್ಬರಾದಲ್ಲಿ. "ಬಾಪನ ಮಕ್ಬರಾ ದಿನಾ ನೋಡ್ತೇವೆ, ಮಗನ ತೋಟ ಒಮ್ಮೆ ನೋಡ್ಬೇಕು" ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಮನೆಮಂದಿ ಐವರು ಹೊರಟೆವು. ಮೊಬೈಲಿನಲ್ಲಿ ಹುಡುಕಿ ದಿನಕ್ಕೆ 900 ರೂಪಾಯಿಯ ರೂಮು ಹಿಡಿದೆವು. ಊರ ನಡುವೆ 1,500 ಹೇಳಿದ್ದರು. ಎರಡು ರಾತ್ರಿಗೆ 1,200 ಉಳಿಯಿತು ಅಂತ ಖುಷಿ. ಹೋಗಿ ನೋಡಿದರೆ ಹೊರವರ್ತುಲ ರಸ್ತೆಯ ಆಚೆ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಹೊರಗೆ ಕಾಲಿಟ್ಟರೆ ಆಟೋವೇ ಗತಿ. ಆಟೋಗೇ 2,300 ಹೋಯಿತು. ಮೆಟ್ಟಿಲು ಹತ್ತಿ ಇಳಿದು ಉಮ್ಮನ ಮಂಡಿ ಊದಿತು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೇನೆ" ಅಂದರು. ಲಾಲ್‌ಬಾಗ್ ನೋಡದೆಯೇ ಊರಿಗೆ ಬಂದೆವು.

ತಪ್ಪು ನಮ್ಮದೇ. ಬಾಡಿಗೆ ನೋಡಿದೆವು, ಜಾಗ ನೋಡಲಿಲ್ಲ. ಆಮೇಲೆ ವಿಚಾರಿಸಿ, ಓಡಾಡಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ.

ಮೂರು ಜಾಗ

ಮೆಜೆಸ್ಟಿಕ್-ಗಾಂಧಿನಗರ: ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವವರಿಗೆ ಸುಲಭ. ಬಸ್ಸು, ರೈಲು ಎರಡೂ ಹತ್ತಿರ. ಮೆಟ್ರೋದ ನೇರಳೆ, ಹಸಿರು ಮಾರ್ಗಗಳು ಕೂಡುವುದೂ ಇಲ್ಲೇ. ಎಲ್ಲ ದರದ ಲಾಡ್ಜುಗಳು ಉಂಟು. ಚಿಕ್ಕಪೇಟೆಗೆ ನಡೆದೇ ಹೋಗಬಹುದು. ಆದರೆ ಭಾನುವಾರ ಅಲ್ಲಿ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಗಲಾಟೆ ಜಾಸ್ತಿ, ಹಿಂಬದಿಯ ರೂಮು ಕೇಳಿ.

ಸಿಟಿ ಮಾರ್ಕೆಟ್: ಹಳೆಯ ಕೋಟೆ, ಜಾಮಿಯಾ ಮಸೀದಿ, 1791ರಲ್ಲಿ ಪೂರ್ತಿಯಾದ ಟಿಪ್ಪುವಿನ ಬೇಸಿಗೆ ಅರಮನೆ ಎಲ್ಲವೂ ಕಾಲ್ನಡಿಗೆಯ ದೂರ. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ಲಾಲ್‌ಬಾಗಿಗೆ ಹಸಿರು ಮೆಟ್ರೋದಲ್ಲಿ ಎರಡನೇ ಸ್ಟೇಷನ್. ನಸುಕಿನಿಂದಲೇ ಹೂವು, ತರಕಾರಿ ಲಾರಿಗಳ ಸದ್ದು. ಹೆಣ್ಣುಮಕ್ಕಳು ಜೊತೆಗಿದ್ದರೆ ಮೊದಲು ಆ ಬೀದಿ ನೋಡಿ, ಆಮೇಲೆ ಮುಂಗಡ ಕೊಡಿ.

ಶಿವಾಜಿನಗರ: ಊಟದ ಚಿಂತೆಯಿಲ್ಲ, ಮಸೀದಿಗೆ ಹುಡುಕಾಟವಿಲ್ಲ. ರಸೆಲ್ ಮಾರ್ಕೆಟ್, ಕಮರ್ಶಿಯಲ್ ಸ್ಟ್ರೀಟ್ ಪಕ್ಕದಲ್ಲೇ. ಸ್ವಲ್ಪ ಕಾಲು ಗಟ್ಟಿಯಿದ್ದರೆ ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್, ವಿಧಾನಸೌಧವೂ ಆಗುತ್ತದೆ. ಮಾಲೂರಿನಿಂದ ರೈಲಿನಲ್ಲಿ ಬರುವವರು ಕಂಟೋನ್ಮೆಂಟ್‌ನಲ್ಲಿ ಇಳಿದರೆ ಹತ್ತಿರ. ಸಂಜೆ ಜನಸಂದಣಿ ಮಾತ್ರ ವಿಪರೀತ.

ಹಿಡಿಯುವ ಮೊದಲು

ಒಂದು ಸುಲಭದ ಉಪಾಯ ಉಂಟು. ನೀವು ನೋಡಲೇಬೇಕಾದ ಮೂರು ಜಾಗ ಬರೆದುಕೊಳ್ಳಿ. ಮೊಬೈಲಿನ ಮ್ಯಾಪಿನಲ್ಲಿ ಲಾಡ್ಜಿನಿಂದ ಅಲ್ಲಿಗೆ ನಡೆಯುವ ಹೊತ್ತು ನೋಡಿ. ಮೂರರಲ್ಲಿ ಎರಡು ಇಪ್ಪತ್ತು ನಿಮಿಷದ ಒಳಗಿದ್ದರೆ 300-400 ರೂಪಾಯಿ ಹೆಚ್ಚಾದರೂ ಆ ರೂಮೇ ಅಗ್ಗ.

ಆಮೇಲೆ ಲಾಡ್ಜಿಗೆ ನೀವೇ ಫೋನ್ ಮಾಡಿ. ಲಿಫ್ಟ್ ಉಂಟಾ? ಹೇಳಿದ ದರದಲ್ಲಿ ಜಿಎಸ್‌ಟಿ ಸೇರಿದೆಯಾ? ಹೆಚ್ಚುವರಿ ಹಾಸಿಗೆಗೆ ಎಷ್ಟು? ಬಿಸಿನೀರು ಎಷ್ಟು ಗಂಟೆಯವರೆಗೆ? ರೂಮು ಬಿಡುವ ಹೊತ್ತನ್ನು ಮರೆಯದೆ ಕೇಳಿ. ಕೆಲವು ಕಡೆ ಹೊಕ್ಕ ಹೊತ್ತಿನಿಂದ 24 ಗಂಟೆ, ಕೆಲವು ಕಡೆ ಯಾವಾಗ ಬಂದರೂ ಮರುದಿನ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ಸಂಜೆ ಹೋಗುವವರಿಗೆ ಇದರಲ್ಲೇ ಅರ್ಧ ದಿನದ ವ್ಯತ್ಯಾಸ. ದೊಡ್ಡವರೆಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಅಲ್ಲಿಗೂ ಅದೇ ಚೀಟಿ ಬೇಕು. ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ಕೆ.ಆರ್. ಪುರದಲ್ಲೇ ಇಳಿದು ಮೆಟ್ರೋ ಹತ್ತಬಹುದು.

ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ. ನೋಡಲು ಚೆಂದವೇ, ಆದರೆ ವಯಸ್ಸಾದವರನ್ನು ಕರೆದುಕೊಂಡು ನಡೆಯುವ ದಿನಗಳಲ್ಲ.

ಉಮ್ಮನ ತೋಟ

ಕಳೆದ ಚಳಿಗಾಲದಲ್ಲಿ ಮತ್ತೆ ಹೊರಟೆವು. ಈ ಸಲ ಸಿಟಿ ಮಾರ್ಕೆಟ್ ಹತ್ತಿರ, ಮೊದಲ ಮಾಳಿಗೆ, 1,400 ರೂಪಾಯಿ. ಬೆಳಿಗ್ಗೆ ಕೋಟೆ, ಟಿಪ್ಪುವಿನ ಅರಮನೆ ನೋಡುವಷ್ಟರಲ್ಲಿ ಉಮ್ಮನಿಗೆ ಮಂಡಿ ನೋವು ಶುರು. ನಡೆದೇ ರೂಮಿಗೆ ಬಂದರು, ಮದ್ದು ಹಚ್ಚಿದರು, ಲುಹರ್ ಮುಗಿಸಿ ಒಂದು ನಿದ್ದೆ ಮಾಡಿದರು. ಮೂರು ಗಂಟೆಗೆ ತಾವೇ ಎದ್ದು "ಹೋಗುವನಾ?" ಅಂದರು. ಹತ್ತಿರದ ರೂಮಿನ ನಿಜವಾದ ಬೆಲೆ ನಮಗೆ ಗೊತ್ತಾದದ್ದು ಆಗ. ನಡುಹಗಲು ಬಂದು ಕಾಲು ಚಾಚಲಿಕ್ಕೆ ಒಂದು ಜಾಗ ಇದ್ದರೆ ಮನೆಯ ಹಿರಿಯರೂ ಊರು ನೋಡುತ್ತಾರೆ, ಮಕ್ಕಳೂ ರಗಳೆ ಮಾಡುವುದಿಲ್ಲ.

ಲಾಲ್‌ಬಾಗಿನಲ್ಲಿ ಉಮ್ಮ ಬಂಡೆ ಹತ್ತಲಿಲ್ಲ. ಕೆಳಗೆ ಮರದ ನೆರಳಿನಲ್ಲಿ ಕೂತು ಬಹಳ ಹೊತ್ತು ಸುಮ್ಮನೆ ನೋಡಿದರು. ಮಕ್ಕಳು ಬಂಡೆ ಇಳಿದು ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: "ಮುಂದಿನ ಸಲ ಶಿವಾಜಿನಗರದಲ್ಲಿ ಹಿಡಿಯಿರಿ. ರಸೆಲ್ ಮಾರ್ಕೆಟ್ ನೋಡ್ಲಿಕ್ಕುಂಟು."